ಒಂದು ಕಲ್ಲು ಕೊಸರು

ನಾವು ಬೆಟ್ಟದ ಮೇಲಿನ ಆ ಊರಿಗೆ ಹೋದದ್ದು ಮೂವರು ಅಕ್ಕತಂಗಿಯರು. ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನಲು ಕೂತಾಗ ನಾಲ್ವರಿದ್ದೆವು. ಹೀಗೆ ಹೇಳಿದರೆ ಕೇಳಿದವರು ನನ್ನ ಮುಖ ನೋಡುತ್ತಾರೆ. ತರಕಾರಿ ಮಾರುವವಳ ಮಾತನ್ನು ತಕ್ಕಡಿ ನೋಡದೆ ಯಾರೂ ನಂಬುವುದಿಲ್ಲ, ಅದು ನನಗೆ ಗೊತ್ತಿದ್ದದ್ದೇ. ನಂಬಿಸುವ ಹಟ ನನಗಿಲ್ಲ. ಒಳಗೆ ಕೂತಿರುವ ಹೆದರಿಕೆಯನ್ನು ಸ್ವಲ್ಪ ಇಳಿಸಿಕೊಳ್ಳಬೇಕಾಗಿದೆ, ಅದಕ್ಕೆ ಹೇಳುತ್ತಿದ್ದೇನೆ.

ನಮ್ಮ ದೊಡ್ಡಕ್ಕ ದೇವೀರಮ್ಮ. ಗಂಡ ಇಲ್ಲ, ಗೂಡ್ಸ್ ಆಟೋ ಓಡಿಸುವ ಮಗ ಮಾದೇಶ ಇದ್ದಾನೆ. ಎರಡನೆಯವಳು ಇಂದ್ರಾಣಿ, ಇಬ್ಬರು ಮಕ್ಕಳ ತಾಯಿ. ಮೂರನೆಯವಳು ನಾನು, ಕಲಾವತಿ. ಕೊನೆಯವಳು ಪುಟ್ಟಲಕ್ಷ್ಮಿ, ನಮ್ಮೆಲ್ಲರ ಬಾಯಲ್ಲಿ ಪುಟ್ಟಿ. ಅವಳನ್ನು ಹೆತ್ತು ನಮ್ಮವ್ವ ತೀರಿಕೊಂಡಾಗ ನನಗೆ ಹನ್ನೆರಡು ವರ್ಷ. ಅವಳನ್ನು ಹೊತ್ತು ಹೊತ್ತು ನನ್ನ ಎಡಸೊಂಟ ವಾಲಿಹೋಗಿದೆ ಎಂದು ಇಂದ್ರಾಣಿ ಆಡಿಕೊಳ್ಳುತ್ತಾಳೆ. ನಾಲ್ವರೂ ಒಂದೇ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವರು. ಇಂದ್ರಾಣಿಗೂ ನನಗೂ ಮಾತ್ರ ಮೂಲೆಯ ಜಾಗದ ವಿಷಯದಲ್ಲಿ ಮೂರು ವರ್ಷದಿಂದ ಮಾತು ಅಷ್ಟಕ್ಕಷ್ಟೆ. ಶ್ರಾವಣದಲ್ಲಿ ಪುಟ್ಟಿಯ ಮದುವೆ. ಗಂಡನ ಮನೆ ಸೇರಿದ ಮೇಲೆ ಅವಳೆಲ್ಲಿ ಸಿಗುತ್ತಾಳೆ, ಒಂದು ಶನಿವಾರ ಭಾನುವಾರ ಬೆಟ್ಟ ನೋಡಿಕೊಂಡು ಬರೋಣ ಎಂದು ದೊಡ್ಡಕ್ಕನೇ ಹೊರಡಿಸಿದ್ದು. ನನಗೆ ಮನಸ್ಸಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗಳು, ಇನ್ನೂ ಹತ್ತು ತಿಂಗಳ ಕೂಸು, ಅವಳನ್ನು ಅತ್ತೆಯ ಕೈಗೆ ಕೊಟ್ಟು ಹೋಗುವುದೆಂದರೆ ಕರುಳು ಬಿಟ್ಟು ಹೋದ ಹಾಗೆ. ಎರಡೇ ದಿನ ತಾನೇ ಎಂದು ಎಲ್ಲರೂ ಎಂದರು. ನಾನೂ ಅಂದುಕೊಂಡೆ.

ಮಾದೇಶನೇ ಬೆಳಿಗ್ಗೆ ಬಸ್ ಹತ್ತಿಸಿದ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲಿದ್ದೆವು. ಬಸ್ಸು ಊರೊಳಗೆ ಹೋಗುವುದಿಲ್ಲ, ಗೇಟಿನ ಹೊರಗೇ ನಿಲ್ಲುತ್ತದೆ. ಗೇಟಿನವನು ಬಂದವರನ್ನು ನೋಡಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ತಲೆಗೊಂದು ಗೆರೆ ಎಳೆದು ಒಳಗೆ ಬಿಡುತ್ತಾನೆ. ಇಳಿದುಹೋಗುವಾಗ ಒಬ್ಬೊಬ್ಬರು ಅಡ್ಡಗಂಬದ ಕೆಳಗೆ ದಾಟಿದಂತೆ ಒಂದೊಂದು ಗೆರೆ ಅಳಿಸುತ್ತಾನೆ. ನಾನು ಹಲಗೆ ನೋಡಲಿಲ್ಲ. ಪುಟ್ಟಿ ಆಗಲೇ ಮುಂದೆ ಓಡಿ ಬೇಯಿಸಿದ ಜೋಳ ಕೊಳ್ಳುತ್ತಿದ್ದಳು. ಅವಳಿಗೆ ಉಪ್ಪು ಜಾಸ್ತಿ, ಖಾರ ಕಡಿಮೆ. ಅದು ನನಗೆ ಚೆನ್ನಾಗಿ ನೆನಪಿದೆ, ಅದೇ ನನ್ನ ಗ್ರಹಚಾರ.

ನಾವು ಇಳಿದುಕೊಂಡದ್ದು ತೆರೇಸಮ್ಮ ಎಂಬುವರ ಲಾಡ್ಜಿನಲ್ಲಿ. ಬಾಗಿಲ ಮುಂದೆ ಒಂದು ಕಲ್ಲಿನ ಬಾನಿ, ಪಕ್ಕದಲ್ಲಿ ನುಣ್ಣನೆಯ ಕಲ್ಲುಗಳ ರಾಶಿ. ಆ ಊರಿನ ಪ್ರತಿ ಮನೆಯ ಮುಂದೆಯೂ ಹೀಗೇ ಇದೆ. ನಾಲ್ಕು ಗಂಟೆಗೆ ಮಂಜು ಇಳಿಯುತ್ತದೆ, ಅಷ್ಟರೊಳಗೆ ತಲೆಗೊಂದು ಕಲ್ಲು ಬಾನಿಗೆ ಹಾಕಿಬಿಡಿ, ಒಂದು ಹೆಚ್ಚು ಬೇಡ ಒಂದು ಕಡಿಮೆ ಬೇಡ ಎಂದು ಹೇಳಿ ತೆರೇಸಮ್ಮ ಹಾಸಿಗೆ ಹಾಸಲು ಒಳಗೆ ಹೋದರು. ಪಕ್ಕದ ಲಾಡ್ಜಿನವರು ದೇವಸ್ಥಾನದ ಮುಂದೆ ಚಪ್ಪಲಿ ಬಿಡುವ ಹಾಗೆ ಮಾತಾಡಿಕೊಂಡೇ ಹಾಕುತ್ತಿದ್ದರು. ಉಳಿದವರು ಮುಖ ತೊಳೆಯಲು ಹೋಗಿದ್ದರು. ನಾನು ಬಗ್ಗಿ ಒಂದು, ಎರಡು, ಮೂರು ಎಂದು ಹಾಕಿದೆ. ಯಾಕೆ ಮೂರು ಎಂದು ಕೇಳಿಕೊಳ್ಳಲಿಲ್ಲ, ಮೂರೇ ಸರಿ ಎನಿಸಿತು. ಮೂರು ಹಾಕಿದ ಕೈ ಸುಮ್ಮನಿರಲಿಲ್ಲ, ಮೇಲೊಂದು ಕಲ್ಲು ಎತ್ತಿ ಹಾಕಿಬಿಟ್ಟಿತು.

ಕೊಸರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಅದು. ಒಂದು ಕೆಜಿ ಬೀನ್ಸ್ ತೂಗಿದ ಮೇಲೆ ಇನ್ನೊಂದು ಹಿಡಿ ಹಾಕದಿದ್ದರೆ ನಮ್ಮ ಮಾರ್ಕೆಟ್ಟಿನಲ್ಲಿ ಗಿರಾಕಿ ಚೀಲ ಮುಚ್ಚುವುದಿಲ್ಲ. ಎಂಟನೇ ವಯಸ್ಸಿನಿಂದ ಕೊಸರು ಹಾಕಿದ ಕೈ ಇದು. ತಪ್ಪಾಯಿತೆಂದು ತಕ್ಷಣ ಗೊತ್ತಾಯಿತು. ಬಗ್ಗಿ ತೆಗೆದಿದ್ದರೆ ಮುಗಿಯುತ್ತಿತ್ತು. ಆದರೆ ಹಾಕಿದ ಕೊಸರನ್ನು ಚೀಲದಿಂದ ವಾಪಸ್ ತೆಗೆಯುವವಳನ್ನು ನಮ್ಮಲ್ಲಿ ಹೆಂಗಸೆಂದು ಕರೆಯುವುದಿಲ್ಲ, ಅವಳಿಗೆ ಆಮೇಲೆ ಬೋಣಿಯೇ ಆಗುವುದಿಲ್ಲ ಎನ್ನುತ್ತಾರೆ. ಒಂದು ಕಲ್ಲು ತಾನೇ ಎಂದುಕೊಂಡು ಸೆರಗಿಗೆ ಕೈ ಒರೆಸಿ ಒಳಗೆ ಹೋದೆ.

ಮಂಜು ಹೇಳಿದ ಹೊತ್ತಿಗೇ ಬಂತು. ಬಾಗಿಲ ಸಂದಿಯಿಂದ ಕೋಣೆಯೊಳಗೂ ಬಂತು. ನಾವು ಒಂದೇ ಕಂಬಳಿಯಲ್ಲಿ ಕಾಲಿಟ್ಟುಕೊಂಡು, ಪುಟ್ಟಿಯ ಗಂಡನಾಗುವವನ ಮೀಸೆಯನ್ನು ಆಡಿಕೊಂಡು ನಕ್ಕು, ಯಾವಾಗಲೋ ಮಲಗಿದೆವು.

ಬೆಳಿಗ್ಗೆ ತೆರೇಸಮ್ಮ ಮೂರು ತಟ್ಟೆ ಉಪ್ಪಿಟ್ಟು, ಮೂರು ಲೋಟ ಕಾಫಿ ತಂದಿಟ್ಟರು. ಇಂದ್ರಾಣಿ, ನಾವು ನಾಲ್ಕು ಜನ ಕಣಮ್ಮ ಎಂದಳು. ತೆರೇಸಮ್ಮ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಕೂಗಾಡಲಿಲ್ಲ, ಗಾಬರಿಯಾಗಲಿಲ್ಲ. ಒಳಗೆ ಹೋಗಿ ನಾಲ್ಕನೆಯ ತಟ್ಟೆ ತಂದು ಇಟ್ಟು, ಬಾಗಿಲು ಮುಂದಕ್ಕೆ ಮಾಡಿ ನೆಲದ ಮೇಲೆ ಕೂತರು.

"ನಿನ್ನೆ ಕಲ್ಲು ಹಾಕಿದ್ದು ಯಾರು?" ಎಂದು ಕೇಳಿದರು.

ಯಾರೂ ಬಾಯಿ ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ಎಂಬಂತೆ ಆಗಬಾರದೆಂದು ನಾನು ತಲೆ ಬಗ್ಗಿಸಿ ಉಪ್ಪಿಟ್ಟಿನ ಸಾಸಿವೆ ನೋಡುತ್ತಾ ಕೂತೆ. ತೆರೇಸಮ್ಮ ಮತ್ತೆ ಕೇಳಲಿಲ್ಲ. ನೀವು ಬಂದದ್ದು ಮೂವರು, ನಿಮ್ಮಲ್ಲಿ ಒಬ್ಬರನ್ನು ಮಂಜು ಕೊಟ್ಟಿದೆ, ಅದು ಯಾರೆಂದು ಅವರಿಗೂ ಗೊತ್ತಿರುವುದಿಲ್ಲ ಎಂದರು. ಇಲ್ಲಿ ಮಲಗಿದವರ ನೆನಪಿನಲ್ಲಿ ನಾಲ್ವರೂ ಹುಟ್ಟಿದಾಗಿನಿಂದ ಇರುತ್ತಾರೆ. ಕೆಳಗಿನವರ ನೆನಪಿನಲ್ಲಿ ಇರುವುದಿಲ್ಲ. ಗೇಟಿನಲ್ಲಿ ಮೂರು ಗೆರೆ, ಮೂವರೇ ದಾಟಬಹುದು. ಭಾನುವಾರ ಮೂರು ಗಂಟೆ ಮೀರಿದರೆ ಇದ್ದವರೆಲ್ಲ ಇಲ್ಲಿಯವರೇ, ಆಮೇಲೆ ಇಳಿಯುವುದು ಎಂಬುದಿಲ್ಲ. ಹಾಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಹಾಗೆ ಇಷ್ಟನ್ನೂ ಹೇಳಿದರು.

ಪುಟ್ಟಿ ನಕ್ಕಳು. ದೊಡ್ಡಕ್ಕ ನಗಲಿಲ್ಲ, ಸೊಂಟದ ಚೀಲ ಬಿಚ್ಚಿ ಮಾದೇಶ ಮಾಡಿಸಿಕೊಟ್ಟಿದ್ದ ಬಸ್ ಟಿಕೆಟ್ ತೆಗೆದಳು. ಮೂರಿದ್ದವು. ಇಂದ್ರಾಣಿ ಚೀಲವನ್ನೇ ಬೋರಲು ಹಾಕಿ ಕೊಡವಿದಳು. ಮೂರೇ. ನನ್ನ ನೆನಪಿನಲ್ಲಿ ಬಸ್ಸಿನ ಎರಡು ಸೀಟಿನಲ್ಲಿ ನಾಲ್ವರೂ ಕೂತಿದ್ದೇವೆ, ಪುಟ್ಟಿ ನನ್ನ ಭುಜಕ್ಕೆ ತಲೆಯಿಟ್ಟು ಜೊಲ್ಲು ಸುರಿಸಿದ್ದಾಳೆ. ಅದೇ ನೆನಪಿನಲ್ಲಿ ಕಂಡಕ್ಟರು ಮೂರು ಟಿಕೆಟ್ ನೋಡಿ ವಾಪಸ್ ಕೊಟ್ಟದ್ದೂ ಇದೆ. ಎರಡೂ ನಿಜವೆಂದೇ ಅನಿಸುತ್ತದೆ, ಒಂದು ಇನ್ನೊಂದನ್ನು ತಳ್ಳುವುದಿಲ್ಲ.

ಕೆಳಗೆ ಹೋದರೆ ಯಾರೆಂದು ಗೊತ್ತಾಗುತ್ತದೆಯಾ ಎಂದು ದೊಡ್ಡಕ್ಕ ಕೇಳಿದಳು. ಗೊತ್ತಾಗುತ್ತದೆ ಎಂದರು ತೆರೇಸಮ್ಮ. "ಮನೆ ಇದ್ರೆ ಇರುತ್ತೆ, ಇಲ್ದಿದ್ರೆ ಇಲ್ಲ. ನನಗೆ ಹೋಗಿ ನೋಡೋ ಧೈರ್ಯ ಬರಲಿಲ್ಲಮ್ಮ. ಮೂವತ್ತು ವರ್ಷ ಆಯ್ತು. ಇಲ್ಲಿ ನಾವು ಉಳಿದವರನ್ನೇ ಹೆಚ್ಚಿನವರು, ಮಂಜು ಕೊಟ್ಟವರು ಅಂತೀವಿ. ಇಳಿದುಹೋದವರಿಗೂ ನಿದ್ದೆ ಬರಬೇಕಲ್ಲ."

ಕೋಣೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಊರೊಳಗೆ ನಡೆದೆವು. ಟೀ ಅಂಗಡಿಯವನು ತಾನಾಗಿಯೇ ಮಾತಿಗೆ ಬಂದ. ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆ ಹನಿಮೂನಿಗೆ ಬಂದವನಂತೆ. ಹನಿಮೂನಿಗೆ ಅಣ್ಣನನ್ನು ಯಾರಾದರೂ ಕರೆದುಕೊಂಡು ಬರುತ್ತಾರಾ, ಆದರೂ ಬೆಳಿಗ್ಗೆ ಮೂವರಿಗೂ ಅದು ವಿಚಿತ್ರ ಅನಿಸಲಿಲ್ಲವಂತೆ. ಅವನು ಉಳಿದ. ತಮ್ಮನಿಗೆ ಮಕ್ಕಳಾಗಿರಬಹುದೆಂದು ಬಿಡುವಿದ್ದಾಗ ಸಣ್ಣ ಸಣ್ಣ ಉಣ್ಣೆಯ ಟೋಪಿ ಹೆಣೆಯುತ್ತಾನೆ. ದಾರಕ್ಕೆ ನೇತು ಹಾಕಿದ್ದ ಟೋಪಿಗಳಲ್ಲಿ ನನ್ನ ಮಗಳ ತಲೆಗೆ ಆಗುವುದೊಂದನ್ನು ಕಣ್ಣಲ್ಲೇ ಅಳೆದೆ. ಆ ಊರಿನಲ್ಲಿ ಯಾರೂ ಯಾರನ್ನೂ ನಿಮ್ಮೂರು ಯಾವುದು, ಯಾರ ಮನೆಯವರು ಎಂದು ಕೇಳುವುದಿಲ್ಲ. ಅದು ಅಲ್ಲಿಯ ಮರ್ಯಾದೆ. ಅಂಚೆಯವನು, ಸ್ಕೂಲಿನ ಟೀಚರು, ಕುದುರೆ ಸವಾರಿ ಮಾಡಿಸುವವನು, ಎಲ್ಲರೂ ಯಾರದೋ ಪ್ರವಾಸದಿಂದ ಉಳಿದವರೇ.

ಇಂದ್ರಾಣಿಯ ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ, ಫೋಟೋಗಳು ಮಾತ್ರ ಇದ್ದವು. ನೋಡಿದೆವು. ನೆನಪಿನ ಹಾಗೇ ನಮ್ಮ ಕಣ್ಣಿಗೆ ಪ್ರತಿ ಫೋಟೋದಲ್ಲೂ ಮೂವರು, ತೆಗೆದವಳು ನಾಲ್ಕನೆಯವಳು. ಒಂದರಲ್ಲಿ ನಾನಿಲ್ಲ, ಒಂದರಲ್ಲಿ ದೊಡ್ಡಕ್ಕ ಇಲ್ಲ. ಒಬ್ಬರನ್ನೊಬ್ಬರು ಪರೀಕ್ಷೆ ಮಾಡಲು ಶುರು ಮಾಡಿದೆವು. ಅಪ್ಪನ ತಕ್ಕಡಿಯ ಯಾವ ತಟ್ಟೆ ಸೊಟ್ಟಗಿತ್ತು, ದೊಡ್ಡಕ್ಕನ ಮದುವೆಯಲ್ಲಿ ಪಾಯಸ ಯಾಕೆ ಸೀದಿತು, ಹೀಗೆ. ನಾಲ್ವರೂ ಎಲ್ಲದಕ್ಕೂ ಸರಿಯಾಗಿ ಉತ್ತರ ಹೇಳಿದೆವು. ಸರಿಯಾದಷ್ಟೂ ಹೆದರಿಕೆ ಜಾಸ್ತಿಯಾಯಿತು. ಅಕ್ಕಂದಿರ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆ ಹೊತ್ತು ಕಣ್ಣಿನ ಕೆಳಗೆ, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಏನನ್ನೋ ಹುಡುಕುತ್ತಿದ್ದೆ. ಅವರೂ ನನ್ನನ್ನು ಹಾಗೇ ನೋಡುತ್ತಿದ್ದರು.

ಪುಟ್ಟಿಯನ್ನು ಮಾತ್ರ ಯಾರೂ ಹಾಗೆ ನೋಡಲಿಲ್ಲ. ಅವಳು ನಾವು ಸಾಕಿದ ಕೂಸು.

ನನಗೊಂದು ಗುಟ್ಟಿನ ಧೈರ್ಯವಿತ್ತು. ಕಲ್ಲು ಹಾಕಿದವಳು ನಾನು. ಕಲ್ಲು ಹಾಕುವಾಗ ಇದ್ದವಳು ಕಲ್ಲಿನಿಂದ ಬಂದವಳಾಗಲು ಸಾಧ್ಯವಿಲ್ಲ. ಹಾಗಾದರೆ ನಾನು ಮೂವರಲ್ಲಿ ಒಬ್ಬಳು, ನನ್ನ ಮನೆ ಇದೆ, ನನ್ನ ಮಗಳು ಇದ್ದಾಳೆ. ಇದನ್ನು ಬಾಯಿಬಿಟ್ಟು ಹೇಳಿದರೆ ಇಷ್ಟಕ್ಕೆಲ್ಲ ಕಾರಣ ನೀನೇ ಎನ್ನುತ್ತಾರೆ, ನೀನೇ ಉಳಿದುಕೋ ಎನ್ನುತ್ತಾರೆ. ಹೇಳಲಿಲ್ಲ. ಅಷ್ಟೇ ಆಗಿದ್ದರೆ ದೇವರು ಕ್ಷಮಿಸುತ್ತಿದ್ದನೇನೋ. ದೊಡ್ಡಕ್ಕ ಒಬ್ಬಳೇ ಸಿಕ್ಕಾಗ, ಇಂದ್ರಾಣಿ ರಾತ್ರಿ ಒಂದು ಸಲವೂ ಕೆಮ್ಮಲಿಲ್ಲ ನೋಡಿದೆಯಾ, ಅವಳಿಗೆ ಇಪ್ಪತ್ತು ವರ್ಷದ ಕೆಮ್ಮು ಎಂದೆ. ಪುಟ್ಟಿಯ ಹತ್ತಿರವೂ ಅದನ್ನೇ ಹೇಳಿದೆ. ಇಂದ್ರಾಣಿ ಕೆಮ್ಮಿದ್ದಳು. ಎರಡು ಸಲ ನನಗೆ ಅದರಿಂದ ಎಚ್ಚರವಾಗಿತ್ತು.

ಎರಡೂವರೆಗೆ ಚೀಲ ಹೊತ್ತು ಗೇಟಿಗೆ ಬಂದೆವು. ದಾರಿಯಲ್ಲಿ ದೊಡ್ಡಕ್ಕ ಇಂದ್ರಾಣಿಯ ಮುಖ ನೋಡದೆ, ಕೆಮ್ಮಿನ ವಿಷಯ ಕೇಳಿದಳು. ಇಂದ್ರಾಣಿಗೆ ಎಲ್ಲ ಅರ್ಥವಾಯಿತು. ನನ್ನ ಕಡೆ ಒಮ್ಮೆ ತಿರುಗಿದಳು, ಜಗಳಕ್ಕೆ ಬರುತ್ತಾಳೆಂದುಕೊಂಡೆ. ಬರಲಿಲ್ಲ. ಗೇಟಿನ ಮುಂದೆ ಚೀಲ ಕೆಳಗಿಟ್ಟು ನಿಂತಳು. ಹಲಗೆಯ ಮೇಲೆ ನಮ್ಮ ಲೆಕ್ಕಕ್ಕೆ ಮೂರು ಬಿಳಿ ಗೆರೆ. ಆಚೆ ಕಡೆ ಬಸ್ಸು ಹಾರನ್ ಹೊಡೆಯುತ್ತಿತ್ತು.

"ನಾನೇ ಉಳ್ಕತೀನಿ ಬುಡು ದೊಡ್ಡಕ್ಕ," ಎಂದಳು. "ತಪ್ಪು ನಂದೇ. ಕಲ್ಲು ಹಾಕ್ದೋಳು ನಾನು. ಮೂರು ಹಾಕ್ಬುಟ್ಟು, ಹಾಳು ಕೈ, ಮ್ಯಾಲೊಂದು ಕೊಸರು ಹಾಕ್ತು. ತಗಿಯಾಕೆ ಮನಸು ಬರ್ನಿಲ್ಲ. ನೀವೆಲ್ಲ ಮಕ ತೊಳಿಯಾಕೆ ಹೋಗಿದ್ರಿ."

ಅದು ನನ್ನ ಕೈ, ನನ್ನ ಕಲ್ಲು. ಬೆರಳಿಗೆ ತಾಗಿದ ತೇವ ನನಗಿನ್ನೂ ಗೊತ್ತಿದೆ. ಸುಳ್ಳು ಹೇಳುತ್ತಿದ್ದಾಳೆ ಎನ್ನಲು ದೊಡ್ಡಕ್ಕನ ಕಡೆ ತಿರುಗಿದೆ. ದೊಡ್ಡಕ್ಕ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು. ಪುಟ್ಟಿ ಬಾಯಿಗೆ ಸೆರಗು ಅಡ್ಡ ಹಿಡಿದು, ನಾನಲ್ವಾ ಅಕ್ಕ ಹಾಕಿದ್ದು, ನಾನಲ್ವಾ ಎಂದು ಪಿಸುಗುಟ್ಟಿದಳು. ನಾಲ್ವರಿಗೂ ಅದೇ ಬಾನಿ, ಅದೇ ಮೂರು ಕಲ್ಲು, ಅದೇ ಕೊಸರು ನೆನಪಿತ್ತು. ಉಪ್ಪಿಟ್ಟಿನ ಮುಂದೆ ನಾಲ್ವರೂ ಅದನ್ನೇ ಬಚ್ಚಿಟ್ಟುಕೊಂಡು ಕೂತಿದ್ದೆವು. ಬೆಳಿಗ್ಗೆಯಿಂದ ನಾನು ಹಿಡಿದುಕೊಂಡಿದ್ದ ಒಂದೇ ಒಂದು ಆಧಾರ ಕಾಲ ಕೆಳಗಿನಿಂದ ಜಾರಿತು. ಹಾಗಾದರೆ ನಾನೂ ಆಗಿರಬಹುದು. ನನ್ನ ಮಗಳು ಎಲ್ಲೂ ಇಲ್ಲದಿರಬಹುದು. ಹನ್ನೊಂದು ವರ್ಷದ ಹರಕೆ, ಆಸ್ಪತ್ರೆ, ಹೆರಿಗೆಯ ನೋವು, ಎಲ್ಲ ಒಂದು ರಾತ್ರಿಯ ಮಂಜು ತುಂಬಿಸಿದ್ದಾಗಿರಬಹುದು.

ಗೇಟಿನವನು ಹೊತ್ತಾಯಿತೆಂದು ಅಡ್ಡಗಂಬ ಎತ್ತಿದ. ದೊಡ್ಡಕ್ಕ ಯಾರನ್ನೂ ಕೇಳದೆ ಪುಟ್ಟಿಯ ರಟ್ಟೆ ಹಿಡಿದು ಮೊದಲು ಅವಳನ್ನು ಆಚೆಗೆ ದಬ್ಬಿದಳು. ಒಂದು ಗೆರೆ ಹೋಯಿತು. ಮದುವೆಯ ಹುಡುಗಿ, ಅದರಲ್ಲಿ ಮಾತೇನಿದೆ ಎಂದು ಎಲ್ಲರಿಗೂ ಅನಿಸಿತು. ಆಮೇಲೆ ನಾನು ಓಡಿದೆ. ಯಾರೂ ನನ್ನನ್ನು ಕರೆಯಲಿಲ್ಲ, ಯಾರೂ ಹೋಗು ಎನ್ನಲಿಲ್ಲ. ಅಕ್ಕಂದಿರಿಬ್ಬರನ್ನೂ ಬಿಟ್ಟು ಓಡಿದೆ. ಎರಡನೆಯ ಗೆರೆ ಹೋದ ಸದ್ದು ಕೇಳಿಸಿತು. ತಿರುಗಿದಾಗ ದೊಡ್ಡಕ್ಕ ಇಂದ್ರಾಣಿಯನ್ನು ಬೆನ್ನಿಗೆ ಕೈಕೊಟ್ಟು ನೂಕುತ್ತಿದ್ದಳು. ಇಂದ್ರಾಣಿ ಗೇಟಿನ ಕಂಬ ಹಿಡಿದುಕೊಂಡು ಅಳುತ್ತಿದ್ದಳು.

"ನಡಿಯವ್ವ, ಇಬ್ಬರು ಮಕ್ಳಿಗೆ ನೀನಿಲ್ದೆ ಅನ್ನ ಇಳಿಯಾಕಿಲ್ಲ," ಎಂದಳು ದೊಡ್ಡಕ್ಕ. "ನನ್ನ ಮಾದೇಶ ದೊಡ್ಡೋನಾದ. ಇದ್ರೆ ಅವನೊಬ್ಬನಿಗೆ ನೋವು. ಇಲ್ದಿದ್ರೆ ಯಾರ್ಗೂ ಇಲ್ಲ."

ಮೂರನೆಯ ಗೆರೆ ಅಳಿಸಿತು. ಅಡ್ಡಗಂಬ ಇಳಿಯಿತು. ದೊಡ್ಡಕ್ಕ ಚೀಲ ಎತ್ತಿಕೊಂಡು ಲಾಡ್ಜಿನ ದಾರಿ ಹಿಡಿದಳು. ತಿರುಗಿ ನೋಡಲಿಲ್ಲ, ಅವಳದು ಮೊದಲಿಂದ ಅಂಥ ಜೀವ.

ಬಸ್ಸಿನಲ್ಲಿ ಮೂವರೂ ಮೂರು ಸೀಟಿನಲ್ಲಿ ಬೇರೆ ಬೇರೆ ಕೂತೆವು. ಬೆಟ್ಟ ಅರ್ಧ ಇಳಿದ ಮೇಲೆ ಇಂದ್ರಾಣಿ ಹತ್ತಿರ ಬಂದು, ಉಳಿದವರೇ ಹೆಚ್ಚಿನವರಂತೆ, ತೆರೇಸಮ್ಮ ಹೇಳಿದರಲ್ಲ ಎಂದಳು. ಹೌದು ಎಂದೆ. ಪುಟ್ಟಿಯೂ ಹೌದು ಎಂದಳು. ದೊಡ್ಡಕ್ಕ ಎಂಬುವಳು ನಮಗೆ ಇರಲೇ ಇಲ್ಲ, ಇಂದ್ರಾಣಿಯೇ ದೊಡ್ಡವಳು, ಮಾದೇಶ ಎಂಬುವನೂ ಇಲ್ಲ. ಹಾಗೆಂದುಕೊಂಡರೆ ನನಗೆ ಮಗಳು ಉಳಿಯುತ್ತಾಳೆ. ನಾನು ಆ ಲೆಕ್ಕವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹಾಕಿದೆ, ಪಾಪಿ. ಅಕ್ಕ ಇಲ್ಲದಿರಲಿ ಎಂದು ಬೇಡಿಕೊಂಡೆ. ರವಿಕೆಯಲ್ಲಿ ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು. ಹಾಲಿದ್ದರೆ ಮಗಳೂ ಇರಬೇಕು ಎಂದುಕೊಳ್ಳುತ್ತಿದ್ದೆ. ಕೊಸರಿನ ಕಲ್ಲನ್ನು ಬೆರಳಿನ ನೆನಪಿಗೆ ಇಟ್ಟ ಮಂಜಿಗೆ ಹಾಲು ಕೊಡುವುದು ಯಾವ ಕಷ್ಟ ಎಂದೂ ಅನಿಸುತ್ತಿತ್ತು.

ನಮ್ಮೂರ ಬಸ್ ಸ್ಟ್ಯಾಂಡಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಕಿಟಕಿಯಿಂದಲೇ ಕಂಡ. ಆಟೋಗೆ ಒರಗಿ ನಿಂತಿದ್ದ, ಮಾದೇಶ. ಇಂದ್ರಾಣಿ ಕೂತಲ್ಲೇ ಅಯ್ಯೋ ಎಂದಳು. ದೊಡ್ಡಕ್ಕ ನಿಜವಾಗಿದ್ದಳು. ನಿಜವಾದವಳನ್ನು ಮೇಲೆ ಬಿಟ್ಟು ಬಂದಿದ್ದೆವು. ಹೆಚ್ಚಿನವಳು ನಮ್ಮ ಮೂವರಲ್ಲಿ ಇದ್ದಳು.

ನಾನು ಇಳಿಯದೆ ನಿಂತುಬಿಟ್ಟೆ. ಮೆಟ್ಟಿಲ ಮೇಲೆ ಹಿಂದಿನವರು ಬೈದ ಮೇಲೆ ಇಳಿದೆ. ಮಾದೇಶ ನಗುತ್ತಾ ಬಂದು, ನನ್ನ ಮುಖವನ್ನೇ ನೋಡಿದ. ಆ ಒಂದು ಗಳಿಗೆಯನ್ನು ನನ್ನ ಶತ್ರುವಿಗೂ ಬೇಡುವುದಿಲ್ಲ.

"ಕಲಚಿಕ್ಕವ್ವ, ನಿನ್ನ ಮಗ್ಳು ನಿನ್ನೆಯಿಂದ ಒಂದೇ ಸಮ ಅತ್ತವ್ಳೆ. ನಡಿ ಬೇಗ," ಎಂದ. ನನ್ನ ಚೀಲ ಇಸಿದುಕೊಂಡ. ಇಂದ್ರಚಿಕ್ಕವ್ವನ ಚೀಲವನ್ನೂ ಇಸಿದುಕೊಂಡ. ಬಸ್ಸಿನ ಬಾಗಿಲ ಕಡೆ ನೋಡಿ, ಅವ್ವ ಇನ್ನೂ ಇಳಿಯಲಿಲ್ಲವಾ ಎಂದು ಕೇಳಿದ. ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಅವಳಿಗೆ ಇಳಿಯಲು ದಾರಿ ಬಿಟ್ಟು, ಅವಳ ಹಿಂದೆ ನೋಡಿದ. ಬಸ್ಸು ಖಾಲಿಯಾಗಿತ್ತು.

ಪಾಪಿ ಜೀವ ನನ್ನದು, ಮೊದಲು ಬಂದದ್ದು ಸಮಾಧಾನ. ನನ್ನ ಮಗಳು ಇದ್ದಾಳೆ. ಆಮೇಲೆ ಉಳಿದದ್ದು ಅರ್ಥವಾಯಿತು.

ಪುಟ್ಟಿ ನಗಲು ನೋಡಿದಳು. ಯಾಕೋ ಮಾದೇಶ, ನನ್ನ ಚೀಲ ನಿನಗೆ ಭಾರವಾ ಎಂದಳು. ಅವನು ತಪ್ಪು ತಿಳಿಯಬೇಡಿ ಎನ್ನುವ ಹಾಗೆ ಅವಳಿಗೆ ಕೈ ಮುಗಿದು, ನನ್ನ ಕಡೆ ತಿರುಗಿ, ಇವರು ಯಾರು ಚಿಕ್ಕವ್ವ ಎಂದು ಮೆಲ್ಲಗೆ ಕೇಳಿದ. ಇಂದ್ರಾಣಿ ಪುಟ್ಟಿಯ ಹೆಸರು ಹೇಳಿದಳು. ಅವನಿಗೆ ಗೊತ್ತಾಗಲಿಲ್ಲ. ತಲೆ ಕೆರೆದುಕೊಂಡು, "ಯಾವ ಪುಟ್ಟಿ? ಅಜ್ಜಿ ಜೊತೇಲೇ ಹೋದ ಮಗೀಗೆ ಅವ್ವ ಇಟ್ಟಿದ್ದ ಹೆಸರಲ್ವಾ ಅದು?" ಎಂದ.

ಪುಟ್ಟಿ ಚೀಲ ಕೆಳಗೆ ಹಾಕಿದಳು. ಇಂದ್ರಾಣಿಯ ಕಡೆ ಹೋಗಲಿಲ್ಲ. ಚಿಕ್ಕಂದಿನಿಂದ ಯಾರು ಹೊಡೆದರೂ, ಎಲ್ಲಿ ಬಿದ್ದರೂ ಅವಳು ಬರುತ್ತಿದ್ದದ್ದು ನನ್ನ ಹತ್ತಿರ. ಹಾಗೇ ಬಂದಳು.

"ಕಲಕ್ಕ, ಇವನಿಗೆ ಹೇಳು," ಎಂದಳು.

ಐದು ದಿನದ ಕೂಸನ್ನು ನನ್ನ ಮಡಿಲಲ್ಲಿ ಹಾಕಿದ್ದು, ರಾಗಿ ಗಂಜಿ ಕುಡಿಸಿದ್ದು, ದಡಾರ ಎದ್ದಾಗ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದು, ಒಂದೂ ನಡೆದಿರಲಿಲ್ಲ. ಒಂದೂ ಮರೆತಿರಲಿಲ್ಲ. ಅವಳ ಕಣ್ಣು ನನ್ನ ಮುಖದ ಮೇಲಿತ್ತು. ನನಗೆ ಅವಳನ್ನು ಎತ್ತಿಕೊಳ್ಳಬೇಕು ಅನಿಸಿತು, ಅವಳಿಂದ ಓಡಬೇಕು ಎಂದೂ ಅನಿಸಿತು.

"ನನ್ನ ತಂಗಿ ಕಣೋ," ಎಂದೆ. ಹೇಳುವಾಗ ಹೆದರಿಕೆಗೆ ನನ್ನ ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು. ಅದು ಅವಳಿಗೂ ಕೇಳಿಸಿತು.